ಅಪ್ಪನ ತೋರುಬೆರಳು

ಅಪ್ಪಾ,

ನಿನ್ನ ವರ್ಷದ ತಿಥಿಗೆಂದು, ನೀನು ಗಂಧದ ಗಣಪತಿ ಕೆತ್ತುತ್ತಾ ಕೂತಿರುವ ಆ ಹರಿದ ಫೋಟೋವನ್ನು ಸಾಗರದ ನನ್ನ ಸ್ಟುಡಿಯೋದಲ್ಲಿ ಎಐಗೆ ಕೊಟ್ಟು ಸರಿಪಡಿಸಿದೆ. ಅದು ಹರುಕು ಮುಚ್ಚಿದ್ದಲ್ಲದೆ ನಿನ್ನ ಮೊಂಡು ತೋರುಬೆರಳಿಗೆ ತುದಿಯನ್ನೂ ಉಗುರನ್ನೂ ಕೊಟ್ಟುಬಿಟ್ಟಿತು. ಮುಖ ಮಾತ್ರ ನೋಡಿ ಪ್ರಿಂಟ್ ಹಾಕುವ ಚಾಳಿ ನನ್ನದು, ಕೈ ನೋಡಲಿಲ್ಲ.

ಇವತ್ತು ಅದನ್ನು ಗಮನಿಸಿ ಫೋಟೋವನ್ನು ಗೋಡೆಯಿಂದ ಇಳಿಸಲು ಹೋದರೆ ಅಮ್ಮ ಬಿಡಲಿಲ್ಲ. "ಇರ್ಲಿ ಬಿಡೋ. ಉಳಿ ಜಾರಿಸ್ಕೊಂಡು ಬೆರಳು ಕಳ್ಕಂಡ್ರು ಅಂತ ಅವರನ್ನ ಜೀವಮಾನ ಇಡೀ ಬೈದೆ. ಈಗಾದ್ರೂ ನೆಟ್ಟಗಿರ್ಲಿ" ಅಂದಳು.

ಅವತ್ತು ಜಾರಿದ ಉಳಿ ನನ್ನ ಕೈಯಲ್ಲಿತ್ತು. ನೀನು ಯಾರಿಗೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಈಗಲಾದರೂ ಹೇಳಿಬಿಡೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಆ ಬೆರಳಿಗೆ ಗಂಧ ಹಚ್ಚಿದಳು.