ಒಂಬತ್ತನೇ ಷರತ್ತು

ಮನೆಯಿಂದ,
೧೪ನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಮೊಮ್ಮಗಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಬೇಡ ಅಂತ ಡಾಕ್ಟರು ಹೇಳಿದ್ದಾರಂತೆ, ನೀನು ಹತ್ತುತ್ತಲೇ ಇದ್ದೀಯಂತೆ. ಮಾತು ಕೇಳದಿರುವುದು ನಮ್ಮ ಮನೆತನದ ಆಸ್ತಿ. ದೊಡ್ಡ ಪಾಲು ನನಗೇ ಬಂದಿದೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಸಕ್ಕರೆ ಕಾಯಿಲೆ ನಿನಗೆ ಹೊಸ ಸುದ್ದಿಯಲ್ಲ. ಕಾರ್ಖಾನೆ ನಮಗೆ ಮಾಡಿಸಿರುವ ಆರೋಗ್ಯ ವಿಮೆಯ ಕಂಪನಿ ಈಗ ಸಕ್ಕರೆ ಇರುವವರಿಗೆಂದು ಒಂದು ಯೋಜನೆ ತಂದಿದೆ. ಸೇರಿದವರಿಗೆ ಸಕ್ಕರೆ ನೋಡುವ ಮೀಟರು, ವಾರಕ್ಕೊಮ್ಮೆ ನರ್ಸಿನ ಫೋನು, ಮೂರು ತಿಂಗಳಿಗೊಮ್ಮೆ ಕಣ್ಣು, ಕಾಲು ಪರೀಕ್ಷೆ. ಎಲ್ಲ ಬಿಟ್ಟಿ. ಬಿಟ್ಟಿ ಅಂದಕೂಡಲೇ ನನ್ನ ಕಿವಿ ನೆಟ್ಟಗಾಗುತ್ತದೆ. ಫಾರಂ ತಿರುವಿದೆ. ಹಿಂಬದಿಯಲ್ಲಿ ಇರುವೆ ಹರಿದಂಥ ಅಕ್ಷರದಲ್ಲಿ ಒಂಬತ್ತನೇ ಷರತ್ತು: ನಮ್ಮ ಮಾಹಿತಿಯನ್ನು ‘ಅಗತ್ಯ ಕಂಡಲ್ಲಿ’ ಕಾರ್ಖಾನೆಗೂ ಕೊಡಬಹುದಂತೆ. ಅಗತ್ಯ ಯಾರ ಕಣ್ಣಿಗೆ ಕಾಣಬೇಕು? ರಕ್ತ ನಮ್ಮದು, ಅಗತ್ಯ ಅವರದು. ನನ್ನ ಜೊತೆ ಕೆಲಸ ಮಾಡುವವನೊಬ್ಬ, ನಾವೆಲ್ಲ ಮೀಸೆ ಅಂತಲೇ ಕರೆಯುವುದು, ಮೊದಲ ದಿನವೇ ಸೇರಿದ; ಇಪ್ಪತ್ತು ವರ್ಷ ವೆಲ್ಡಿಂಗ್ ಮಾಡಿ ಪಳಗಿದ ಕೈ ಅವನದು. ಸಕ್ಕರೆ ಮುನ್ನೂರು ದಾಟಿದ್ದೇ ತಡ, ‘ನಿಮ್ಮ ಸುರಕ್ಷತೆಗಾಗಿ’ ಅಂತ ಸ್ಟೋರಿನ ಬಾಗಿಲಲ್ಲಿ ಸ್ಟೂಲ್ ಹಾಕಿ ಕೂರಿಸಿದರು. ಈಗ ಕೈಗವಸು ಹಂಚುತ್ತಾನೆ, ಯಾರ ಮುಖವನ್ನೂ ನೋಡುವುದಿಲ್ಲ.

ಹೋದ ತಿಂಗಳು ಗೇಟಿನ ಮುಂದೆ ಡ್ರಮ್ಮಿನ ಮೇಲೆ ಹತ್ತಿ ಇನ್ನೂರು ಜನರೆದುರು ಫಾರಂ ಹರಿದೆ. ‘ಬೆವರು ತಗೊಂಡಿರಿ, ರಕ್ತ ಕೊಡಲ್ಲ’ ಅಂದೆ. ಸಕ್ಕರೆ ಇರಲಿ, ಬಿಡಲಿ, ಫಾರಂ ಎಲ್ಲರ ಕೈಗೂ ಹಂಚಿದ್ದರು; ಎಲ್ಲರೂ ತಮ್ಮ ತಮ್ಮ ಫಾರಂ ಹರಿದರು. ಅಂದು ಆಡಿದ್ದರಲ್ಲಿ ಒಂದಕ್ಷರವನ್ನೂ ಇಂದು ವಾಪಸ್ ತಗೊಳ್ಳುವುದಿಲ್ಲ.

ಆದರೆ ಅದಾಗಿ ವಾರಕ್ಕೆ ಟ್ಯಾಂಕಿನೊಳಗೆ ಕೂತು ವೆಲ್ಡಿಂಗ್ ಮಾಡುತ್ತಿದ್ದೆ. ನಮ್ಮ ಬೂಟಿನೊಳಗೆ ಕಿಡಿ ಬೀಳುವುದು ಮಾಮೂಲು. ಬಿದ್ದವನು ಕುಣಿಯುತ್ತಾನೆ, ಪಕ್ಕದವನು ನಗುತ್ತಾನೆ. ಅಂದು ನಾನು ಕುಣಿಯಲಿಲ್ಲ. ‘ಅಣ್ಣಾ, ಏನೋ ಸುಟ್ಟ ವಾಸನೆ’ ಅಂತ ಪಕ್ಕದವನು ಹೇಳಿದ. ‘ನಿನ್ನ ಮೂತಿ ಇರಬೇಕು’ ಅಂತ ನಕ್ಕು ಕೆಲಸ ಮುಗಿಸಿದೆ. ಸುಡುತ್ತಿದ್ದದ್ದು ನನ್ನ ಕಾಲುಚೀಲ. ಒಳಗೆ ಕಡಲೆಕಾಳಿನಷ್ಟು ಗಾಯ. ಗಾಬರಿಯಾಗಬೇಡ, ಮುಲಾಮು ಹಚ್ಚುತ್ತಿದ್ದೇನೆ.

ಸೇರಲು ನಾಳೆಯೇ ಕಡೆಯ ದಿನ. ನಿನ್ನೆ ವಿಮೆಯ ನರ್ಸು ಮೂರನೇ ಸಲ ಫೋನ್ ಮಾಡಿದಳು. ಅರ್ಧ ಗಂಟೆ ಜಾಡಿಸಿದೆ, ಮಾತಿನ ಭರದಲ್ಲಿ ಬೂಟಿನ ಕಥೆಯೂ ಬಾಯಿಂದ ಜಾರಿತು. ಪಾಪ, ಪೂರಾ ಕೇಳಿ ಅಂದಳು: ‘ಷರತ್ತಿನ ಬಗ್ಗೆ ನೀವು ಹೇಳೋದು ಸರಿ ಇರಬಹುದು ಅಣ್ಣಾ. ಸುಟ್ಟಾಗ ನೋವಾಯ್ತಾ?’ ‘ಕೆಲಸ ಇದೆ’ ಅಂತ ಫೋನ್ ಇಟ್ಟುಬಿಟ್ಟೆ. ನನ್ನವಳು ಪಾತ್ರೆ ತೊಳೆಯುತ್ತಲೇ, ‘ಊರಿಗೆಲ್ಲ ಯೂನಿಯನ್ ಕಟ್ಟಿದ್ರಿ, ಆ ಕಾಲಿಗೂ ಒಂದು ಕಟ್ಟಿ, ಬೇಡಿಕೆ ಏನಂತ ಕೇಳಿ’ ಅಂದಳು. ಅವಳ ದನಿಯಲ್ಲಿ ನಗು ಇರಲಿಲ್ಲ.

ಇನ್ನೂ ಯೋಚಿಸುತ್ತಿದ್ದೇನೆ. ಭಾವನಿಗೆ ನಮಸ್ಕಾರ ಹೇಳು, ಮೊಮ್ಮಗಳ ಎರಡೂ ಕೆನ್ನೆಗೆ ನನ್ನ ಮುತ್ತು ಕೊಡು.

ನಿನ್ನ ಬೈಗುಳಕ್ಕೆ ಕಾದಿರುವ,
ತಮ್ಮ

ತಾ.ಕ.: ಲಕೋಟೆ ಅಂಟಿಸುವ ಮುನ್ನ ಒಂದು ಮಾತು. ಕಡಲೆಕಾಳು ಅಂದದ್ದು ಸುಳ್ಳು. ಗಾಯದೊಳಗೆ ಹೆಬ್ಬೆರಳ ತುದಿ ಹೋಗುತ್ತದೆ, ಹೋದರೂ ನೋವಿಲ್ಲ. ಯೋಚಿಸುತ್ತಿದ್ದೇನೆ ಅಂದದ್ದೂ ಸುಳ್ಳು. ನರ್ಸು ಮೊದಲೇ ಕಳಿಸಿದ್ದ ಹೊಸ ಫಾರಮ್ಮಿನಲ್ಲಿ ಒಂಬತ್ತನೇ ಷರತ್ತಿನ ಮೇಲೆ ಗೀಟೆಳೆದು, ಗೀಟಿನ ಪಕ್ಕ ಒಂದು, ಕೆಳಗೊಂದು ಸಹಿ ಹಾಕಿದೆ. ವಾಪಸ್ ಕಳಿಸಿದರೆ ಜಗಳ ಇದ್ದೇ ಇದೆ. ನಾಳೆ ಶಿಫ್ಟಿಗೆ ಮೊದಲು ಅದೇ ಡ್ರಮ್ಮಿನ ಮೇಲೆ ಹತ್ತುತ್ತೇನೆ, ಇಳಿದು ನೇರ ಆಸ್ಪತ್ರೆಗೆ. ನನ್ನ ಮಾತು ನಂಬಿ ಫಾರಂ ಹರಿದವರಲ್ಲಿ ಸಕ್ಕರೆ ಇರುವವರು ಹದಿನೇಳು ಜನ, ಅಕ್ಕಾ. ಮೊದಲು ನನ್ನ ಬೂಟು ಬಿಚ್ಚಿ ತೋರಿಸುತ್ತೇನೆ. ಆಮೇಲೆ ಅವರಿಗೂ ಬಿಚ್ಚಿ ಅನ್ನುತ್ತೇನೆ.