ಪಿ.ಟಿ. ಮೇಷ್ಟ್ರಿಗೆ ತರಬೇತಿ, ನನಗೆ ಹೊಟ್ಟೆಕಿಚ್ಚು

ಶಿಕ್ಷಕರ ತರಬೇತಿ ವಿಭಾಗದ ಮುಖ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ,

ಮಾನ್ಯರೇ,

ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದು ಸ್ಟಾಫ್ ರೂಮಿನ ರಗಳೆ, ಇಲಾಖೆಗೇನು ಸಂಬಂಧ ಎಂದು ಪತ್ರವನ್ನು ಪಕ್ಕಕ್ಕೆ ಸರಿಸಬೇಡಿ. ಕಿಚ್ಚು ಹಚ್ಚಿದ್ದು ತಾವೇ ಸಹಿ ಮಾಡಿದ ಸುತ್ತೋಲೆ. ಡಿಸ್ಲೆಕ್ಸಿಯಾ, ಅಂದರೆ ಬುದ್ಧಿಯಿದ್ದೂ ಅಕ್ಷರ ಓದಲು ತೊಡಕು, ಇರುವ ಮಕ್ಕಳಿಗೆ ಓದು ಕಲಿಸುವ ಐದು ದಿನಗಳ ತರಬೇತಿಗೆ ಶಾಲೆಗೊಬ್ಬರಂತೆ, "ಬೋಧನೆಗೆ ಅಡಚಣೆಯಾಗದಂತೆ ಬಿಡುಗಡೆ ಮಾಡಬಹುದಾದ ಶಿಕ್ಷಕರನ್ನು" ಕಳಿಸಿ ಎಂದು ಅದರಲ್ಲಿದೆ. ಮೂರು ವರ್ಷ ಸತತವಾಗಿ ನಾನು ಅರ್ಜಿ ಕೊಟ್ಟೆ. ಮೊದಲ ವರ್ಷ ಸಂಗೀತದ ಟೀಚರ್ ಹೋದರು, ಮರುವರ್ಷವೇ ವರ್ಗವಾದರು. ಎರಡನೇ ವರ್ಷ ಲೈಬ್ರರಿಯವರು ಹೋದರು. ಕಳೆದ ಸಲ ಪಿ.ಟಿ. ಮೇಷ್ಟ್ರು.

ಆ ಒಂದು ಸಾಲನ್ನು ತಾವು ಇನ್ನೊಮ್ಮೆ ಓದಬೇಕು. ಬೋಧನೆಗೆ ಅಡಚಣೆಯಾಗದಂತೆ ಯಾರನ್ನು ಕಳಿಸಬಹುದು? ಪಾಠದ ಹೊರೆ ಇಲ್ಲದವರನ್ನು. ಮಕ್ಕಳು ಓದಲು ತಡಕಾಡುವುದು ಯಾರ ಕಣ್ಣೆದುರು? ಒಂದು, ಎರಡು, ಮೂರನೇ ತರಗತಿಯವರ ಕಣ್ಣೆದುರು. ಅವರನ್ನು ಯಾವ ಹೆಡ್‌ಮಾಸ್ಟರ್ ತಾನೇ ಐದು ದಿನ ಬಿಟ್ಟಾರು? ನಮ್ಮ ಹೆಡ್‌ಮಾಸ್ಟರ್ ಕೆಟ್ಟವರಲ್ಲ. "ನೀವು ಹೋದ್ರೆ ನಲವತ್ತೊಂದು ಮಕ್ಕಳನ್ನ ಯಾರ ತಲೆಗೆ ಕಟ್ಲಮ್ಮಾ? ಪಿ.ಟಿ. ಪೀರಿಯಡ್ ಆದ್ರೆ ಒಂದು ಚೆಂಡು ಕೊಟ್ಬಿಟ್ರೆ ಆಯ್ತು" ಎಂದರು. ಆ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ. ಉತ್ತರ ತಮ್ಮಲ್ಲಿರಬಹುದು ಎಂದುಕೊಂಡಿದ್ದೇನೆ.

ಬೇರೆ ದಾರಿಗಳಿವೆಯಲ್ಲ ಎನ್ನುತ್ತೀರಿ. ಇವೆ, ಅವನ್ನೂ ತುಳಿದು ನೋಡಿದ್ದೇನೆ. ತಮ್ಮ ಇಲಾಖೆಯ ನಲವತ್ತು ನಿಮಿಷದ ವಿಡಿಯೋ ತರಬೇತಿ ಮುಗಿಸಿದೆ. ಟೈ ಕಟ್ಟಿದ ಒಬ್ಬರು "ಪ್ರತಿ ಮಗುವೂ ವಿಶಿಷ್ಟ" ಎಂದು ಒಂಬತ್ತು ಸಲ ಹೇಳಿದರು. ವಿಶಿಷ್ಟ ಮಗು ಓದದೆ ಕೂತರೆ ಏನು ಮಾಡಬೇಕೆಂದು ಒಂದು ಸಲವೂ ಹೇಳಲಿಲ್ಲ. ಕೊನೆಗೆ ಅಭಿನಂದನೆಗಳೊಂದಿಗೆ ಪ್ರಮಾಣಪತ್ರ ಬಂತು. ಆಮೇಲೆ ಒಂದು ಖಾಸಗಿ ಸಂಸ್ಥೆಯ ಭಾನುವಾರದ ಕೋರ್ಸಿಗೆ ಸೇರಲು ತಮ್ಮ ಒಪ್ಪಿಗೆ ಕೇಳಿದೆ. "ತಾವು ಈಗಾಗಲೇ ತರಬೇತಿ ಹೊಂದಿರುವುದರಿಂದ ಪುನಃ ಅವಶ್ಯಕತೆ ಕಂಡುಬರುವುದಿಲ್ಲ" ಎಂಬ ಉತ್ತರ ಬಂತು. ಅಂದರೆ ತಮ್ಮ ದಾಖಲೆಯಲ್ಲಿ ನಾನು ಪರಿಣತೆ! ಈ ಸುದ್ದಿಯನ್ನು ನನ್ನ ತರಗತಿಗೆ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ನನ್ನ ತರಗತಿಯಲ್ಲಿ ಒಬ್ಬ ಟೈಲರಮ್ಮನ ಮಗಳಿದ್ದಾಳೆ. ಎಂಟು ವರ್ಷ. ಬಾಯಿಮಾತಿನ ಲೆಕ್ಕದಲ್ಲಿ ಚೂಟಿ, ಪುಸ್ತಕ ಬಿಡಿಸಿದರೆ ಕಲ್ಲು. ಅವಳ ವರದಿಪುಸ್ತಕದಲ್ಲಿ ನಾನು ಎರಡು ಸಲ "ಗಮನ ಸಾಲದು" ಎಂದು ಬರೆದೆ. ಅವಳ ತಾಯಿ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಓಡಿಬಂದಳು. "ಮಿಸ್, ಇವಳಿಗೆ ಬುದ್ಧಿ ಕಮ್ಮೀನಾ? ಗಿರಾಕಿಗಳ ಅಳತೆ ಒಂದ್ಸಲ ಹೇಳಿದ್ರೆ ವಾರ ಆದ್ರೂ ಮರೆಯಲ್ಲ. ಓದು ಅಂದ್ರೆ ಮಾತ್ರ ಕಣ್ಣಲ್ಲಿ ನೀರು" ಎಂದಳು. ಇನ್ನೂ ಹತ್ತು ಪುಟ ಕಾಪಿ ಬರೆಸಿ ಎಂದೆ. ನನಗೆ ಗೊತ್ತಿದ್ದ ಔಷಧ ಅದೊಂದೇ.

ಅಷ್ಟರಲ್ಲಿ ಪಿ.ಟಿ. ಮೇಷ್ಟ್ರು ತರಬೇತಿ ಮುಗಿಸಿ ಬಂದರು. ಅವರೇನು ತೂಕಡಿಸಿ ಬಂದವರಲ್ಲ. ಹಾಗಾಗಿದ್ದರೆ ನನಗೆಷ್ಟು ನೆಮ್ಮದಿ ಇರುತ್ತಿತ್ತು! ನನ್ನ ಕಿಟಕಿಯಿಂದ ಮೈದಾನ ಕಾಣುತ್ತದೆ. ಓಟದ ಗೆರೆ ಹಾಕುವ ಸುಣ್ಣದ ಪುಡಿಯಲ್ಲಿ ಅವರು ಒಂದೊಂದು ಅಕ್ಷರವನ್ನೂ ಕೋಣೆಯಷ್ಟು ದೊಡ್ಡದಾಗಿ ಬರೆದರು. ಆ ಹುಡುಗಿ ಬರಿಗಾಲಲ್ಲಿ ಅದರ ಮೇಲೆ ನಡೆದಳು, ನಡೆಯುತ್ತಾ ಅದರ ಉಚ್ಚಾರ ಹೇಳಿದಳು. ತಪ್ಪಿದಾಗ ಯಾರೂ ನಗಲಿಲ್ಲ, ಮತ್ತೆ ಮೊದಲಿನಿಂದ ನಡೆದಳು. ಮರುತಿಂಗಳು ಅವಳ ಚೀಲದಿಂದ ಪುಸ್ತಕ ಹೊರಬಂತು. ರಟ್ಟಿನಲ್ಲಿ ಕಿಂಡಿ ಕೊರೆದು, ಒಂದು ಸಲಕ್ಕೆ ಒಂದೇ ಸಾಲು ಕಾಣುವಂತೆ ಹಿಡಿದರು. ಒಂದು ಮಧ್ಯಾಹ್ನ ಅವಳು ಮೈದಾನದ ಕಟ್ಟೆಯ ಮೇಲೆ ಕೂತು ಒಂದು ಪುಟ ಓದಿ ಮುಗಿಸಿದಳು. ಅವರಿಗೆ ಓದಿ ಹೇಳಿದಳು, ನನಗಲ್ಲ. ಸೀಟಿ ಊದುವವರಿಗೆ!

ಒಳ್ಳೆಯ ಟೀಚರಾಗಿದ್ದರೆ ಕುಣಿದಾಡಬೇಕಿತ್ತು. ನಾನು ವೇಳಾಪಟ್ಟಿಯನ್ನು ಕೈಗೆತ್ತಿಕೊಂಡೆ. ಮರುದಿನದಿಂದ ಅವಳ ಪಿ.ಟಿ. ಪೀರಿಯಡ್ ರದ್ದು ಮಾಡಿ, ನನ್ನ ಮೇಜಿನ ಪಕ್ಕ ಕೂರಿಸಿಕೊಂಡು, "ನನ್ನೆದುರೂ ಓದು ನೋಡೋಣ" ಎಂದೆ. ಎಲ್ಲರೆದುರು ಜೋರಾಗಿ ಓದಿಸಿದೆ. ಎರಡು ವಾರದಲ್ಲಿ ಅವಳು ಮತ್ತೆ ಮೂಕಿಯಾದಳು. ದಿನಾ ಬೆಳಿಗ್ಗೆ ಹೊಟ್ಟೆನೋವು ಎಂದು ಮನೆಯಲ್ಲೇ ಉಳಿಯತೊಡಗಿದಳು. ಇದನ್ನು ಬಹಿರಂಗವಾಗಿ ಬರೆಯಲು ನನಗೆ ನಾಚಿಕೆಯಾಗುತ್ತಿದೆ. ತಪ್ಪು ನನ್ನದೇ, ಅದರಲ್ಲಿ ತಮಗೆ ಪಾಲು ಕೊಡುವುದಿಲ್ಲ.

ಕೊನೆಗೆ ನಾನೇ ಹೋಗಿ ಮೇಷ್ಟ್ರ ಹತ್ತಿರ ಒಪ್ಪಿಕೊಂಡೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ತರಬೇತಿಯಲ್ಲಿ ಬರೆದುಕೊಂಡಿದ್ದ ಟಿಪ್ಪಣಿ ಪುಸ್ತಕ ಕೈಗಿಟ್ಟರು. ನಾನು ಓದಿ, ಅದರಂತೆ ಮಾಡಲು ಹೋಗಿ, ಆ ಮಗುವನ್ನು ಇನ್ನಷ್ಟು ಗೊಂದಲಗೊಳಿಸಿದೆ.

"ಅದು ಬರವಣಿಗೇಲಿ ಬರಲ್ಲ ಮಿಸ್," ಎಂದರು. "ಮಗು ತಡವರಿಸ್ದಾಗ ಎಷ್ಟು ಹೊತ್ತು ಸುಮ್ನಿರ್ಬೇಕು, ಎಲ್ಲಿ ಕೈ ಹಿಡೀಬೇಕು ಅನ್ನೋದನ್ನ ಅಲ್ಲಿ ಮಾಡಿ ತೋರಿಸ್ತಾರೆ. ನಮ್ಮ ಕೈಲೂ ಮಾಡಿಸ್ತಾರೆ. ತಪ್ಪಿದ್ರೆ ತಿದ್ತಾರೆ. ನೀವೇ ಹೋಗ್ಬೇಕಿತ್ತು. ನಂಗೂ ಅದೇ ಅನ್ಸಿದ್ದು."

ಈಗ ಅವಳು ಮತ್ತೆ ಮೈದಾನಕ್ಕೆ ಹೋಗುತ್ತಿದ್ದಾಳೆ, ಬಿಟ್ಟಲ್ಲಿಂದ ಹಿಂದಕ್ಕೆ ಹೋಗಿ ಶುರುಮಾಡಿದ್ದಾಳೆ. ಆದರೆ ಇನ್ನೆರಡು ತಿಂಗಳಿಗೆ ಮೇಷ್ಟ್ರು ನಿವೃತ್ತರು. ಪರಿಣತಿ ಅವರ ಜೊತೆ ಮನೆಗೆ ಹೋಗುತ್ತದೆ, ಹುಡುಗಿ ನನ್ನ ಕೋಣೆಗೆ ಬರುತ್ತಾಳೆ. ನಿವೃತ್ತಿಗೆ ವರ್ಷವಿಲ್ಲದವರಿಗೆ ತರಬೇತಿ, ಇಪ್ಪತ್ತು ವರ್ಷ ಸೇವೆ ಬಾಕಿಯಿರುವವಳಿಗೆ ಅಭಿನಂದನಾ ವಿಡಿಯೋ! ಯಾವ ಲೆಕ್ಕದಲ್ಲಿ ಇದು ಆಡಳಿತ?

ಮುಂದಿನ ತಂಡ ಮುಂದಿನ ತಿಂಗಳು ಶುರುವಾಗುತ್ತದೆ ಎಂದು ಕೇಳಿದ್ದೇನೆ. ಸುತ್ತೋಲೆಯ ಆ ಸಾಲನ್ನು ಹೊಡೆದುಹಾಕಿ. ಓದು ಕಲಿಸುವವರನ್ನೇ ಮೊದಲು ಕರೆಯಿರಿ. ಆ ಐದು ದಿನ ನಮ್ಮ ತರಗತಿಗೆ ಬದಲಿ ಶಿಕ್ಷಕರನ್ನು ಕಳಿಸಿ. ಯಾರೂ ಸಿಗದಿದ್ದರೆ ತಮ್ಮ ಕಚೇರಿಯಿಂದಲೇ ಒಬ್ಬರು ಬಂದು ನನ್ನ ನಲವತ್ತೊಂದು ಮಕ್ಕಳ ಮುಂದೆ ನಿಲ್ಲಲಿ. ಕಚೇರಿಯಲ್ಲಿ ನಾಲ್ಕಾರು ಅರ್ಜಿ ಕಾದರೆ ಕಾಯಲಿ.

ನಿನ್ನೆ ಹಾಜರಿ ಮುಗಿಸುವಾಗ ಆ ಹುಡುಗಿ ಮೇಜಿನ ಹತ್ತಿರ ಬಂದು ನಿಂತಳು.

"ಮಿಸ್, ಸಾರ್ ಹೋಗ್ಬಿಡ್ತಾರಂತೆ. ಅಷ್ಟರೊಳಗೆ ನೀವು ಕಲ್ತುಬಿಡ್ತೀರಾ?"

"ಹೂಂ, ಕಲೀತೀನಿ" ಎಂದುಬಿಟ್ಟಿದ್ದೇನೆ.

ಇಂತಿ,
ತಮ್ಮನ್ನು ಕೇಳದೆ ತಮ್ಮ ಪರವಾಗಿ ಮಾತು ಕೊಟ್ಟಿರುವ,
ಮೂರನೇ ತರಗತಿಯ ಟೀಚರ್