ಬೊಝೆನಾ ಕೊಂಡ ಹೂಗಳು

ಪ್ಯಾರಿಸ್
೧೪ ಮೇ ೧೯೯೭

ಮುದ್ದು ಅಗಾತಾ,

ಮೂವತ್ತು ಗಂಟೆ ಬಸ್ಸಿನಲ್ಲಿ ಕೂತು ನನ್ನ ಕಾಲುಗಳು ಹುದುಗು ಬಂದ ಹಿಟ್ಟಿನಂತೆ ಊದಿವೆ. ಉಳಿದಂತೆ ಕ್ಷೇಮ. ಈ ಪತ್ರವನ್ನು ಕೂತು ಓದು, ಟ್ರಾಮಿನಲ್ಲಿ ನಿಂತುಕೊಂಡು ಬೇಡ.

ಬೊಝೆನಾ ಈ ಪ್ರವಾಸದ ಮಾತೆತ್ತಿದಾಗಲೇ ನನಗೆ ಅನುಮಾನ ಬಂದಿತ್ತು. ನಲವತ್ತು ವರ್ಷದ ಗೆಳತಿ, ಸಮುದ್ರ ನೋಡಲೂ ಊರು ಬಿಟ್ಟವಳಲ್ಲ. ಇದ್ದಕ್ಕಿದ್ದಂತೆ ಐಫೆಲ್ ಗೋಪುರ ನೋಡದೆ ಸಾಯುವುದಿಲ್ಲ ಎಂದು ಹಟ ಹಿಡಿದಳು. ನಿನಗೆ ಆರು ವರ್ಷವಿದ್ದಾಗ ಮೂರು ತಿಂಗಳ ಗಾರೆ ಕೆಲಸಕ್ಕೆಂದು ಹೊರಟ ನಿನ್ನಪ್ಪ ಉಳಿದುಬಿಟ್ಟದ್ದು ಇದೇ ಊರಿನಲ್ಲಿ. ಬೊಝೆನಾಳ ಅಣ್ಣ ಲೆಶೆಕ್ ಇರುವುದೂ ಇಲ್ಲೇ. ಅವಳಿಗೆ ನಿನ್ನಪ್ಪನ ವಿಳಾಸ ಗೊತ್ತು, ವಿಳಾಸಕ್ಕಿಂತ ಹೆಚ್ಚಿನದೂ ಏನೋ ಇದೆ ಎಂದು ನನ್ನ ಮನಸ್ಸು ಕುಟುಕುತ್ತಲೇ ಇತ್ತು. ಆದರೂ ನೀಲಿ ಕೋಟು ತೊಟ್ಟು ಬಂದೆ. ಅವನು ಎದುರಾದರೆ ಮುದುಕಿಯಂತೆ ಕಾಣಬಾರದಲ್ಲ.

ಬೆಳಿಗ್ಗೆ ಗೋಪುರ ಹತ್ತಿದೆವು. ಔಷಧಿ ಅಂಗಡಿಗೆ ರಜೆ ಹಾಕಿ ಬಂದಿರುವ ದನೂಟಾ ಮೆಟ್ಟಿಲುದ್ದಕ್ಕೂ ಏದುಸಿರು ಬಿಡುತ್ತಾ, "ಇಷ್ಟು ಕಬ್ಬಿಣ ಇದ್ದಿದ್ರೆ ನಮ್ಮೂರ ಸೇತುವೇನ ಮೂರು ಸಲ ಕಟ್ಬೋದಿತ್ತು ಕಣ್ರೇ" ಎಂದಳು. ಬೊಝೆನಾ ನಗಲಿಲ್ಲ. ಇಡೀ ಪ್ಯಾರಿಸ್ ಕಾಲಡಿ ಹರಡಿಕೊಂಡಿದ್ದರೂ ಅವಳ ಕಣ್ಣು ಕೈಗಡಿಯಾರದ ಮೇಲೆ.

ಕೆಳಗೆ ಬೆಂಚಿನ ಮೇಲೆ ಕೂತು ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದಾಗ, ಹಲ್ಲುನೋವು, ಮಾತ್ರೆ ತರುತ್ತೇನೆ ಎಂದು ಎದ್ದಳು.

"ಔಷಧಿ ಅಂಗಡೀನೇ ನಿನ್ನ ಪಕ್ಕ ಕೂತಿದೆಯಲ್ಲೇ! ಚೀಲದ ತುಂಬ ಮಾತ್ರೆ ಇದೆ," ಅಂದಳು ದನೂಟಾ.

ಬೊಝೆನಾ ಕೇಳಿಸದವಳಂತೆ ನಡೆದಳು. ನಾನು ಮೊಟ್ಟೆ ಅಲ್ಲೇ ಬಿಟ್ಟು ಹಿಂದೆ ಬಿದ್ದೆ. ರಸ್ತೆ ದಾಟಿ ಹೂವಿನ ಅಂಗಡಿಗೆ ನುಗ್ಗಿದಳು. ಕಾಗದ ಸುತ್ತಿದ ಗೊಂಚಲು ಹಿಡಿದು ಹೊರಬಂದಾಗ ಬಾಗಿಲಲ್ಲೇ ಅಡ್ಡ ನಿಂತೆ.

"ಹಲ್ಲುನೋವಿಗೆ ಹೂ ತಿಂತೀಯಾ?"

ಅವಳ ಮುಖ ಬಿಳಿಚಿಕೊಂಡಿತು. "ಹಲೀನಾ, ನಾಳೆ ಹೇಳೋಣ ಅಂತಿದ್ದೆ. ಇವತ್ತೊಂದಿನ ನೀನು ಖುಷಿಯಾಗಿರ್ಲಿ ಅಂತ..."

"ಯಾರಿಗೆ ಇದು? ನನ್ನ ಗಂಡಂಗಾ?"

ಹೌದು ಎಂದು ತಲೆಯಾಡಿಸಿದಳು.

ಮೈಯೆಲ್ಲಾ ಉರಿದುಹೋಯಿತು ಮಗಳೇ. ಗೊಂಚಲು ಕಿತ್ತುಕೊಂಡೆ. ಮೂವತ್ತು ವರ್ಷ ಸಂತೆಯಲ್ಲಿ ಹೂ ಮಾರಿದ ಕೈ, ಕೇಳದೆಯೇ ಎಣಿಸಿತು. ನಿನ್ನ ಚಿಕ್ಕಮ್ಮನ ಮದುವೆಗೆ ಬೀಗರು ಹನ್ನೆರಡು ಗುಲಾಬಿ ತಂದಾಗ ಅಜ್ಜಿ "ಸಮಸಂಖ್ಯೆ ಹೂ ಸತ್ತೋರಿಗಲ್ವಾ, ನನ್ನ ಹೆಣಕ್ಕೆ ತಂದ್ರಾ?" ಎಂದು ಒಂದನ್ನು ಕಿತ್ತು ಕಿಟಕಿಯಾಚೆ ಎಸೆದದ್ದು ನೆನಪಿದೆಯಲ್ಲ? ಅದೇ ದನಿಯಲ್ಲಿ ನಾನೂ ಚುಚ್ಚಿದೆ: "ಆರು ಕೊಟ್ಟಿದಾರೆ ನೋಡು! ಇಲ್ಲಿಯವರಿಗೆ ಹೂ ಎಣಿಸೋಕೂ ಬರಲ್ವಾ? ಒಂದು ಬಿಸಾಕು. ಬದುಕಿರೋ ಗಂಡಸಿಗೆ ಯಾರಾದ್ರೂ ಆರು ಕೊಡ್ತಾರಾ?"

ಬೊಝೆನಾ ಅಳತೊಡಗಿದಳು. "ಅವರದೇನೂ ತಪ್ಪಿಲ್ಲ ಕಣೆ. ಆರು ಬೇಕು ಅಂತ ಕೇಳಿದ್ದು ನಾನೇ."

ಕಳೆದ ಡಿಸೆಂಬರಿನಲ್ಲಿ, ಕಂದಾ. ಶ್ವಾಸಕೋಶದ ಕಾಯಿಲೆ. ಮಣ್ಣು ಮಾಡಿದವನು ಲೆಶೆಕ್. ನಿನ್ನಪ್ಪ ಕೊನೆಯವರೆಗೂ ಒಂದೇ ಕೋಣೆಯಲ್ಲಿ ಒಬ್ಬನೇ ಇದ್ದನಂತೆ. ಸಂತೆಯಲ್ಲಿ ಸಾವಿನ ಹೂಹಾರ ಕಟ್ಟುತ್ತಾ ಕೂತ ನನ್ನೆದುರು ಇದನ್ನು ಹೇಳಲು ಬೊಝೆನಾಗೆ ಐದು ತಿಂಗಳು ಬಾಯಿ ಬರಲಿಲ್ಲ. ಅವಳ ಮೇಲೆ ಎಂಥೆಂಥ ಸಂಶಯ ಪಟ್ಟೆ ಎಂದು ನೆನೆದರೆ ನಾಚಿಕೆಯಾಗುತ್ತದೆ.

ಮೂವರೂ ಊರಾಚೆಯ ಸ್ಮಶಾನಕ್ಕೆ ಹೋದೆವು. ನಾನು ಅಳಲಿಲ್ಲ, ಕೂತು ಕಳೆ ಕಿತ್ತೆ. ಕೋಟಿನ ತುಂಬ ಮಣ್ಣಾಯಿತು. ಆಮೇಲೆ ಲೆಶೆಕ್‌ನ ಮನೆಗೂ ಹೋಗಿ ಬಂದೆವು. ದನೂಟಾ ನನ್ನ ಪಾಲಿನ ಮೊಟ್ಟೆಯನ್ನು ಇನ್ನೂ ಕರವಸ್ತ್ರದಲ್ಲಿ ಕಟ್ಟಿಟ್ಟುಕೊಂಡಿದ್ದಾಳೆ.

ನಿನ್ನ ಅಮ್ಮ,
ಹಲೀನಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಿರಲಿಲ್ಲ. ನಿನ್ನಪ್ಪ ಒಂದು ಕಾಗದವನ್ನೂ ಹಾಕಲಿಲ್ಲ ಎಂದು ನಿನಗೆ ಹೇಳುತ್ತಾ ಬಂದೆ. ಹಾಕುತ್ತಿದ್ದ, ಪ್ರತಿ ವರ್ಷ, ನಿನ್ನ ಹೆಸರಿನ ಸಂತಳ ಹಬ್ಬಕ್ಕೆ, ನಿನ್ನ ಹೆಸರಿಗೇ. ಒಡೆಯದೆ ಹಿಂದಕ್ಕೆ ಕಳಿಸುತ್ತಿದ್ದವಳು ನಾನು. ಹದಿನೈದನ್ನೂ ಅವನು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟಿದ್ದ. ಲೆಶೆಕ್ ಕೊಟ್ಟ ಆ ಪೆಟ್ಟಿಗೆ ಈಗ ಇಲ್ಲಿ ನನ್ನ ಮಂಚದ ಕೆಳಗಿದೆ, ತರುತ್ತಿದ್ದೇನೆ. ನಾನು ಮನೆಯಲ್ಲಿಲ್ಲದಾಗ ಓದು.